ಪುರಾಣ ಕೇಳಿದ ನಮ್ಮ ಆಯಿ

ಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ನಮ್ಮ ಕಡೆ ಊರೂರಲ್ಲಿ ಪುರಾಣ ಹಚ್ಚಿರುತ್ತಾರೆ. ಈ ವರ್ಷ ಯಾವ ಪುರಾಣ, ಹೇಳುವ ಶಾಸ್ತ್ರಿಗಳು ಯಾವ ಊರಿನವರು, ಪೇಟಿ ಯಾರದು, ತಬಲಾ ಯಾರದು, ಮಂಗಲದ ದಿನ ಹುಗ್ಗಿಯೋ ಸಜ್ಜಕವೋ, ಇದೇ ಮಾತು ಕಟ್ಟೆಗೂ ಇದೇ ಮಾತು ಅಡುಗೆಮನೆಗೂ. ಬಸವನ ಬಾಗೇವಾಡಿ ಸೀಮೆಯ ನಮ್ಮ ಮಸೂತಿಯಂಥ ಎರಿ ಹೊಲದ ಊರಿಗೆ ಶ್ರಾವಣ ಸ್ವಲ್ಪ ಉಸಿರಾಡುವ ತಿಂಗಳು. ಮುಂಗಾರಿ ಪೀಕು ಎದ್ದಿರುತ್ತದೆ, ಹಿಂಗಾರಿ ಜೋಳ ಬಿತ್ತಲು ಇನ್ನೂ ದಿನಗಳಿರುತ್ತವೆ. ರಾತ್ರಿ ಉಂಡು ಕೈ ತೊಳೆದ ಮೇಲೆ ಜನ ಗುಡಿಯ ಮುಂದೆ ಬಂದು ಕೂಡುತ್ತಾರೆ. ಹೆಚ್ಚಾಗಿ ಕಲಬುರ್ಗಿ ಶರಣಬಸವೇಶ್ವರರ ಪುರಾಣ. ಹದಿನೆಂಟನೆಯ ಶತಮಾನದಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, ಹಸಿದು ಬಂದವರಿಗೆ ಉಣಬಡಿಸಿ ಹೆಸರಾದ ಆ ಶರಣರ ಕಥೆಯನ್ನು ನಮ್ಮ ಆಯಿ, ಅಂದರೆ ಅಜ್ಜಿ, ಎಷ್ಟು ಶ್ರಾವಣ ಕೇಳಿದ್ದಳೋ ದೇವರಿಗೇ ಗೊತ್ತು. ಆದರೂ ಮುಂದಿನ ಶ್ರಾವಣ ಬಂತೆಂದರೆ ಎಲ್ಲರಿಗಿಂತ ಮೊದಲು ತಟ್ಟು ಸುತ್ತಿಕೊಂಡು ಹೊರಡುತ್ತಿದ್ದಳು.

"ಆಯಿ, ಕಥಿ ನಿನಗ ಬಾಯಿಪಾಠ ಐತಿ. ಮತ್ಯಾಕ ಹೋಗ್ತಿ?" ಎಂದು ಕೇಳಿದರೆ, "ಕಥಿ ಅದ ಇರತೈತಿ ತಮ್ಮಾ, ಕೇಳಾಕಿ ಹೋದ ವರ್ಷದಾಕಿ ಇರೂದಿಲ್ಲ" ಎನ್ನುತ್ತಿದ್ದಳು. ಆಯಿಯ ಭಕ್ತಿಯ ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ. ಅವಳ ಭಕ್ತಿ ಇದ್ದದ್ದು ಕಿವಿಯಲ್ಲಿ.

ಹಾಗೆಂದು ಪೂಜೆ ಕಡಿಮೆ ಮಾಡಿದವಳಲ್ಲ. ಬೆಳಗ್ಗೆ ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕಿ, ಜಳಕ ಮುಗಿಸುವಳು. ಮಣೆಯ ಮೇಲೆ ಕೂತು ಕೊರಳಿನ ಕರಡಗಿ ಬಿಚ್ಚಿ, ಬಿಳಿ ಅರಿವೆಯ ಗಂಟಿನಿಂದ ಲಿಂಗವನ್ನು ತೆಗೆದು ಎಡಗೈಯ ಅಂಗೈಯಲ್ಲಿಡುವಳು. ವಿಭೂತಿಯ ಉಂಡೆಗೆ ಎರಡು ಹನಿ ನೀರು ತಾಗಿಸಿ ಮೂರು ಬೆರಳಿನಿಂದ ಹಣೆಗೆ ಎಳೆದುಕೊಂಡು, ಲಿಂಗಕ್ಕೂ ಹಚ್ಚಿ, ಒಂದು ಪತ್ರಿ ಏರಿಸಿ ಸುಮ್ಮನೆ ಅದನ್ನೇ ನೋಡುತ್ತ ಕೂಡುವಳು. ಜೋಳ ಕಿತ್ತು ಕಿತ್ತು ಗಟ್ಟಿಯಾಗಿದ್ದ ಆ ಅಂಗೈ ಅಷ್ಟು ಹೊತ್ತೂ ಅಲುಗುತ್ತಿರಲಿಲ್ಲ. ಅದು ಮುಗಿಯುವವರೆಗೆ ಬಾಯಿಗೆ ಚಹಾದ ಗುಟುಕೂ ಇಲ್ಲ. ಮುಗಿದ ಮೇಲೆ ಒಲೆಯ ಮುಂದೆ ಕೂತಳೆಂದರೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾವೆಲ್ಲ ಏಳುತ್ತಿದ್ದೆವು. ಭಿಕ್ಷೆಗೆ ಅಯ್ಯನೋರು ಬಂದರೆ ಮೊದಲ ರೊಟ್ಟಿ ಅವರ ಜೋಳಿಗೆಗೆ. ಜಾತ್ರೆ, ಪುರಾಣ ಮಂಗಲ ಬಂದರೆ ಮನೆಮನೆಯಿಂದ ಕಟಕ ರೊಟ್ಟಿ ಹೋಗಬೇಕು. ಒಲೆಯ ಬದಿಗೆ ನಿಲ್ಲಿಸಿ ಕಟಕ ಮಾಡಿದ ರೊಟ್ಟಿಗಳನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿ, ಮೇಲೆ ಅರಿವೆ ಮುಚ್ಚಿ, ತಲೆಯ ಮೇಲೆ ಹೊತ್ತು ತಾನೇ ಮುಟ್ಟಿಸಿ ಬರುವಳು.

ಪುರಾಣಕ್ಕೆ ಬರೋಣ. ಹೆಂಗಸರ ಸಾಲಿನಲ್ಲಿ ಮುಂದೆ, ಕಂಬಕ್ಕೆ ಆತು ಕೂಡುವುದು ಅವಳ ಜಾಗ. ಪುರಾಣದಲ್ಲಿ ಮಗು ಹುಟ್ಟುವ ಪ್ರಸಂಗ ಬಂದ ರಾತ್ರಿ ನಿಜವಾದ ತೊಟ್ಟಿಲು ಕಟ್ಟುತ್ತಾರೆ, ಹೆಂಗಸರು ಜೋಗುಳ ಹಾಡುತ್ತಾರೆ, ಮಕ್ಕಳಾಗದವರಿಗೆ ಉಡಿ ತುಂಬುತ್ತಾರೆ. ಮದುವೆಯ ಪ್ರಸಂಗ ಬಂದರೆ ಕೂತವರೆಲ್ಲ ಅಕ್ಷತೆ ಹಾಕುತ್ತಾರೆ. ಕಥೆ ಕೇಳುವವರು ಕಥೆಯ ಬಳಗದವರೇ ಆಗಿಬಿಡುವ ಈ ಏರ್ಪಾಡನ್ನು ಯಾವ ಪಂಡಿತ ಹುಡುಕಿದನೋ ತಿಳಿಯದು, ಆದರೆ ಅದರ ಬಲ ನಾನು ಕಂಡಿದ್ದೇನೆ. ತೊಟ್ಟಿಲ ರಾತ್ರಿ ಹಾಡಿ ಬಂದ ಆಯಿ ಮರುದಿನ ಓಣಿಯ ಬಾಣಂತಿಯರ ಮನೆಗೆಲ್ಲ ಹೋಗಿ ಬರುತ್ತಿದ್ದಳು. ಕೇಳಿದ್ದು ಕೇಳಿದಲ್ಲೇ ಉಳಿಯಬಾರದು ಎನ್ನುವುದು ಅವಳ ಲೆಕ್ಕ.

ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಆದರೆ ವಚನಗಳು ಬರುತ್ತಿದ್ದವು, ಭಜನೆಯ ಪದಗಳು ಬರುತ್ತಿದ್ದವು. ಇದು ಎಲ್ಲಿಂದ ಬಂತೆಂದು ಬೆನ್ನು ಹತ್ತಿದರೆ ದಾರಿ ವಿಜಯಪುರಕ್ಕೇ ಹೋಗುತ್ತದೆ. ಅಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮಠ ಮನೆಗಳ ಗಂಟುಗಳಲ್ಲಿ ಬಿದ್ದಿದ್ದ ತಾಡವೋಲೆಗಳನ್ನು ಹುಡುಕಿ, ಓದಿ, ತಿದ್ದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಮನೆ ಮಾರಿದ ಹಣವನ್ನೂ ಮುದ್ರಣಾಲಯಕ್ಕೆ ಹಾಕಿ, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. 1964ರಲ್ಲಿ ತೀರಿಹೋಗುವವರೆಗೂ ಅದೇ ಕಾಯಕ. ಓಲೆಯಿಂದ ಅಚ್ಚಿಗೆ, ಅಚ್ಚಿನಿಂದ ಶಾಸ್ತ್ರಿಗಳ ಬಾಯಿಗೆ, ಅಲ್ಲಿಂದ ಭಜನೆಯವರಿಗೆ, ಭಜನೆಯಿಂದ ಆಯಿಗೆ ಬಂದ ವಚನಗಳು ಕಡಿಮೆಯಲ್ಲ. ಹಳಕಟ್ಟಿಯವರ ಹೆಸರು ಆಯಿಗೆ ಗೊತ್ತಿರಲಿಲ್ಲ. ಅವರ ದುಡಿಮೆಯ ಫಲ ಮಾತ್ರ ಅವಳ ನಾಲಗೆಯ ಮೇಲೆ ಇತ್ತು. ಒಬ್ಬ ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಗೌರವ ಉಂಟೆಂದು ನನಗನಿಸುವುದಿಲ್ಲ.

ಕೃಷ್ಣೆಯ ಸೀಮೆಯ ಶರಣರ ಜಾಗಗಳೆಲ್ಲ ಅವಳಿಗೆ ನಡೆದು ಗೊತ್ತು. ಬಾಗೇವಾಡಿ ಬಸವಣ್ಣನ ಊರು, ಇಂಗಳೇಶ್ವರ ಅವನ ತಾಯಿ ಮಾದಲಾಂಬಿಕೆಯ ಊರು, ಶ್ರಾವಣದಲ್ಲಿ ಬಾಗೇವಾಡಿ ಬಸವಣ್ಣನ ಜಾತ್ರೆ ಅವಳು ತಪ್ಪಿಸಿದ್ದಿಲ್ಲ. ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಸ್ಥಳ ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಇದೆ. ನೀರು ನುಗ್ಗದಂತೆ ಸುತ್ತ ಗೋಡೆ ಎಬ್ಬಿಸಿದ್ದಾರೆ, ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಹೋಗಿ ಲಿಂಗಕ್ಕೆ ಕೈ ಮುಗಿಯಬೇಕು. ಆಯಿ ಇಳಿದು ಹತ್ತಿ ಬಂದು, ಆಚೆ ದಂಡೆಯ ಕಡೆಗೂ ಕೈ ಮುಗಿಯುತ್ತಿದ್ದಳು. ಅಲ್ಲಿ ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ ಬಸವಣ್ಣನ ಮಡದಿ ನೀಲಮ್ಮ ತಾಯಿ ಐಕ್ಯಳಾದ ಜಾಗವಿದೆ. ಸಂಗಮಕ್ಕೆ ಬಾ ಎಂದು ಬಸವಣ್ಣ ಹೇಳಿಕಳಿಸಿದಾಗ, ಅಲ್ಲಿರುವ ಸಂಗಯ್ಯ ಇಲ್ಲಿಯೂ ಇದ್ದಾನೆಂದು ನೀಲಮ್ಮ ಅಲ್ಲಿಯೇ ಲಿಂಗದಲ್ಲಿ ಬೆರೆತಳೆಂದು ನಮ್ಮ ಕಡೆಯ ನಂಬಿಕೆ. ಪುರಾಣದಲ್ಲಿ ಈ ಪ್ರಸಂಗ ಬಂದಾಗ ಗಂಡಸರು ಬಸವಣ್ಣನ ಅಗಲಿಕೆಗೆ ಕಣ್ಣೀರು ಹಾಕಿದರೆ, ಆಯಿ ನೀಲಮ್ಮನ ಗಟ್ಟಿತನಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆ ಕಥೆ ಅವಳಿಗೆ ಮುಂದೆ ಕೆಲಸಕ್ಕೆ ಬಂತು. ಯುಗಾದಿಗೆ ಮೊದಲು ನಮ್ಮ ಕಡೆಯಿಂದ ಸಾವಿರಾರು ಜನ ಕಂಬಿ ಹೊತ್ತು ಮಲ್ಲಯ್ಯನ ಹಾಡು ಹೇಳುತ್ತ ಶ್ರೀಶೈಲಕ್ಕೆ ನಡೆಯುತ್ತಾರಲ್ಲ, ಅವರ ಜೊತೆ ಆಯಿಯೂ ಹೋಗಿ ಬಂದಿದ್ದಳು. ನಲ್ಲಮಲದ ಅಡವಿ, ಭೀಮನ ಕೊಳ್ಳದ ಏರು, ಅಂಗಾಲಿನ ಬೊಕ್ಕೆ, ದಾರಿಯಲ್ಲಿ ಕರೆದು ಉಣಿಸಿದ ಗುರುತಿಲ್ಲದ ಜನ, ಇವೆಲ್ಲ ಅವಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಮಂಡಿ ಸೋತ ಮೇಲೆ ನಡೆಯಲಾಗಲಿಲ್ಲ. ನಾವು ಅವಳು ಕೊರಗುತ್ತಾಳೆಂದುಕೊಂಡಿದ್ದೆವು. "ನೀಲಮ್ಮ ತಾಯಿ ಕುಂತಲ್ಲೇ ಕಂಡಾಳ. ನಾ ಮಸೂತ್ಯಾಗ ಕುಂತು ಮಲ್ಲಯ್ಯನ್ನ ಕಾಣ್ತೀನಿ" ಎಂದಳು. ಆ ವರ್ಷದಿಂದ ಪಾದಯಾತ್ರೆಗೆ ಹೋಗುವವರ ಬುತ್ತಿಗೆ ಶೇಂಗಾ ಹಿಂಡಿ ಕುಟ್ಟಿ ಕೊಡುವುದು ಅವಳ ಯಾತ್ರೆಯಾಯಿತು.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಅವಳು ‘ಅಪ್ಪಾರು’ ಎನ್ನುತ್ತಿದ್ದಳು. ನಮ್ಮ ಜಿಲ್ಲೆಯ ಬಿಜ್ಜರಗಿಯಲ್ಲಿ ಹುಟ್ಟಿ, ಕಿಸೆಯಿಲ್ಲದ ಬಿಳಿ ಅಂಗಿ ತೊಟ್ಟು, ಪದ್ಮಶ್ರೀ ಬಂದರೂ ಬೇಡವೆಂದ ಆ ಯತಿಗಳ ಪ್ರವಚನವೆಂದರೆ ಸಾವಿರಗಟ್ಟಲೆ ಜನ ಕೂತಿದ್ದರೂ ಕೆಮ್ಮಿದ ಸದ್ದು ಕೇಳಿಸುವಷ್ಟು ಮೌನ. ಹರಟೆ ಹೊಡೆಯುವುದರಲ್ಲಿ ಯಾರಿಗೂ ಸೋಲದ ನಮ್ಮ ಜನ ಅಲ್ಲಿ ಹೇಗೆ ಅಷ್ಟು ಸುಮ್ಮನಾಗುತ್ತಿದ್ದರೆಂಬುದು ನನಗೆ ಇಂದಿಗೂ ಬೆರಗು. ಆಯಿಗೆ ಬೆರಗಿರಲಿಲ್ಲ. ಶ್ರಾವಣದ ಗುಡಿಗಳಲ್ಲಿ ಊರೂರು ಕಿವಿ ಹದ ಮಾಡಿಕೊಂಡೇ ಅಲ್ಲಿಗೆ ಬಂದಿತ್ತು.

2023ರ ಜನವರಿ 2ರಂದು ಅಪ್ಪಾರು ಹೋದರು. ಸೈನಿಕ ಶಾಲೆಯ ಬಯಲಿನಲ್ಲಿ ಜನಸಾಗರ ನಿಂತದ್ದನ್ನು ಆಯಿ ಟಿವಿಯಲ್ಲಿ ನೋಡಿದಳು. 2014ರ ಗುರುಪೂರ್ಣಿಮೆಯಂದೇ ಅವರು ಬರೆದಿಟ್ಟಿದ್ದ ಅಂತಿಮ ಪತ್ರವನ್ನು ಓದಿ ಹೇಳಿದೆವು. ದೇಹವನ್ನು ಅಗ್ನಿಗೆ ಕೊಡಿ, ಚಿತಾಭಸ್ಮವನ್ನು ಹೊಳೆಗೋ ಸಮುದ್ರಕ್ಕೋ ಬಿಡಿ, ಸ್ಮಾರಕ ಬೇಡ ಎಂದಿತ್ತು ಅದರಲ್ಲಿ. ಕಟ್ಟದೆ ಬಿಡುತ್ತಾರೆಯೇ ಎಂದು ಯಾರೋ ಅಂದರು. "ಅಪ್ಪಾರ ಮಾತು ಇಷ್ಟು ದಿನ ಕೇಳೀವಿ ಅಂತ ಹೇಳ್ತೀರಿ. ಕೇಳಿದ್ದು ಖರೇ ಆದ್ರ ಕಟ್ಟಬಾರದು" ಎಂದಳು ಆಯಿ. ಅಷ್ಟು ಖಡಾಖಂಡಿತವಾಗಿ ಅವಳು ಮಾತಾಡಿದ್ದು ಅಪರೂಪ.

ಮೊಹರಮ್ ಬಂದರೆ ಅಲಾಯಿ ದೇವರಿಗೆ ಸಕ್ಕರೆ ಓದಿಸಿಕೊಂಡು ಬರುವುದೂ ಅವಳದೇ. ರಿವಾಯತದವರು ಕರ್ಬಲಾದ ಪದ ಎತ್ತಿದರೆ ಹುಸೇನರ ನೀರಡಿಕೆಗೆ ಅವಳ ಗಂಟಲು ಒಣಗುತ್ತಿತ್ತು. ಮುದಗಲ್ಲಿನ ಗೆಳೆಯನೊಬ್ಬನ ಅಜ್ಜಿ ಒಮ್ಮೆ ನಮ್ಮ ಮನೆಗೆ ಬಂದಿದ್ದರು. ಹದಿನಾರನೆಯ ಶತಮಾನದ್ದೆಂದು ಹೇಳಿಕೊಂಡು ಬಂದಿರುವ ಹಳೆಯ ಇಗರ್ಜಿ ಆ ಊರಿನಲ್ಲಿದೆ, ಕನ್ನಡವನ್ನೇ ಮನೆಮಾತಾಗಿಸಿಕೊಂಡ ಕೆಥೋಲಿಕ ಮನೆತನಗಳಿವೆ. ಆ ಅಜ್ಜಿ ಭಾನುವಾರದ ಪೂಜೆ ತಪ್ಪಿಸದವರು, ಕೈಯಲ್ಲಿ ಸದಾ ಜಪಸರ. ಇಬ್ಬರೂ ಪಡಸಾಲೆಯಲ್ಲಿ ಕೂತು, ಒಬ್ಬರು ಮರಿಯಮ್ಮನವರ ಕಥೆ, ಇನ್ನೊಬ್ಬರು ಅಕ್ಕಮಹಾದೇವಿಯ ಕಥೆ ಹೇಳಿಕೊಂಡರು. "ಅವರ ತಾಯಿ ಮಗನ್ನ ಕಣ್ಣೆದುರಿಗೇ ಕಳಕೊಂಡಾಳ ತಮ್ಮಾ" ಎಂದು ಆಯಿ ರಾತ್ರಿ ಉಣ್ಣುವಾಗಲೂ ಅದನ್ನೇ ಹೇಳುತ್ತಿದ್ದಳು. ಯಾವ ಧರ್ಮದ ಅಜ್ಜಿಯಾದರೂ ಕೇಳಬಲ್ಲವಳಾದರೆ ಇನ್ನೊಬ್ಬ ಅಜ್ಜಿಗೆ ದೂರವಾಗಲಾರಳು.

ನಮ್ಮ ಮನೆಗೂ ಇನ್ನೊಂದು ಮನೆಗೂ ಹೊಲದ ಬದುವಿನ ಜಗಳ ಹಳೆಯದು. ಗಂಡಸರಲ್ಲಿ ಮಾತು ನಿಂತಿತ್ತು, ಹಬ್ಬದ ಹೋಳಿಗೆಯ ಕೊಡು ಕೊಳ್ಳುವಿಕೆಯೂ ನಿಂತಿತ್ತು. ಆದರೆ ಪುರಾಣಕ್ಕೆ ಎರಡೂ ಮನೆಯವರು ಬರುತ್ತಿದ್ದರು. ತಿಂಗಳುಗಟ್ಟಲೆ ಒಂದೇ ಕಥೆಗೆ ಒಟ್ಟಿಗೆ ಅತ್ತು, ಒಟ್ಟಿಗೆ ಅಕ್ಷತೆ ಹಾಕಿ, ಒಂದೇ ಪಂಕ್ತಿಯಲ್ಲಿ ಉಂಡು ಹೋಗುವುದು ನಡೆದೇ ಇತ್ತು. ಒಂದು ವರ್ಷ ಮಂಗಲದ ಮರುದಿನ ಆಯಿ ಯಾರಿಗೂ ಹೇಳದೆ ಕಣ, ಕೊಬ್ಬರಿ ಬಟ್ಟಲು, ಉತ್ತತ್ತಿ ತೆಗೆದುಕೊಂಡು ಆ ಮನೆಯ ಹೊಸ ಸೊಸೆಗೆ ಉಡಿ ತುಂಬಿ ಬಂದಳು. ಮುತ್ಯಾ ಸಿಟ್ಟಾದ. "ತಿಂಗಳಾನಗಟ್ಲೆ ಆಕೀ ಮಗ್ಗಲ್ದಾಗ ಕುಂತು ಶರಣರ ಕಥಿ ಕೇಳೇನಿ. ಕೇಳಿ ಬಂದು ಬಾಗಲಾ ಮುಚ್ಚಿಕೊಂಡ್ರ ಕೇಳಿದ್ದೆಲ್ಲ ಸುಳ್ಳಾಗತೈತಿ" ಎಂದಳು. ಮುತ್ಯಾ ಮುಂದೆ ಮಾತಾಡಲಿಲ್ಲ. ಬದು ಇದ್ದಲ್ಲೇ ಇದೆ, ಆದರೆ ಹೋಳಿಗೆ ಮತ್ತೆ ಆಚೀಚೆ ಓಡಾಡತೊಡಗಿತು.

ಕೊನೆಯ ವರ್ಷಗಳಲ್ಲಿ ಮೊಮ್ಮಕ್ಕಳು ಮೊಬೈಲಿನಲ್ಲಿ ಅಪ್ಪಾರ ಪ್ರವಚನ ಹಚ್ಚಿ ಕೊಡುತ್ತಿದ್ದರು. ಸಂತೋಷದಿಂದಲೇ ಕೇಳುತ್ತಿದ್ದಳು, ಆದರೆ ಪಕ್ಕದ ಮನೆಯವರನ್ನು ಕರೆದು ಕೂರಿಸಿಕೊಂಡ ಮೇಲೆಯೇ. "ಒಬ್ಬಾಕೀನ ಕೇಳಿದ್ರ ಮರತರೂ ಯಾರೂ ಕೇಳಂಗಿಲ್ಲ" ಎಂಬ ಅವಳ ಮಾತಿನ ತೂಕ ಈಗ ತಿಳಿಯುತ್ತಿದೆ. ನಾಲ್ಕು ಜನರೊಡನೆ ಕೇಳಿದ ಮಾತಿಗೆ ನಾಲ್ಕು ಜನ ಸಾಕ್ಷಿ. ನಾಳೆ ಅದರಂತೆ ನಡೆಯದಿದ್ದರೆ ಅವರ ಮುಖ ನೋಡಬೇಕಾಗುತ್ತದೆ.

ಆಯಿ ಹೋದ ರಾತ್ರಿ ಬೆಳತನಕ ಭಜನೆ ನಡೆಯಿತು. ಕೂತ ಭಂಗಿಯಲ್ಲಿಯೇ, ಅಂಗೈಯಲ್ಲಿ ಅವಳ ಲಿಂಗವಿಟ್ಟು, ವಿಭೂತಿ ಪತ್ರಿ ಹಾಕಿ ಮಣ್ಣು ಕೊಟ್ಟೆವು. ಆ ಬದುವಿನಾಚೆಯ ಮನೆಯವರು ಎಲ್ಲರಿಗಿಂತ ಮೊದಲು ಬಂದಿದ್ದರು.

ಮಸೂತಿಯ ಸುತ್ತ ಈಗ ಬಹಳ ಬದಲಾಗಿದೆ. ಕೂಡಗಿಯಲ್ಲಿ 2,400 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರ ಎದ್ದಿದೆ, ಅದರ ಚಿಮಣಿಗಳು ಎಷ್ಟೋ ದೂರಕ್ಕೆ ಕಾಣುತ್ತವೆ. ಗ್ಯಾಸ್ ಬತ್ತಿಯ ಬೆಳಕಿನಲ್ಲಿ ನಡೆಯುತ್ತಿದ್ದ ಪುರಾಣಕ್ಕೆ ಈಗ ಮೈಕು, ಬಣ್ಣದ ದೀಪ. ಪುರಾಣ ನಿಂತಿಲ್ಲ, ನಿಲ್ಲುವುದೂ ಇಲ್ಲ ಎಂಬ ಧೈರ್ಯ ನನಗಿದೆ. ನನ್ನ ಕಾಳಜಿ ಬೇರೆ. ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡದ್ದರಿಂದ 1931ರಲ್ಲಿ ‘ಗರತಿಯ ಹಾಡು’ ನಮ್ಮ ಕೈಗೆ ಬಂತು. ಅವರು ಅಂದು ಕಿವಿ ಕೊಡದಿದ್ದರೆ ಆ ತ್ರಿಪದಿಗಳಲ್ಲಿ ಎಷ್ಟೋ ಆ ಅಜ್ಜಿಯರ ಜೊತೆಗೇ ಮಣ್ಣು ಸೇರುತ್ತಿದ್ದವು. ಶರಣರ ಕಥೆಗಳನ್ನು ನಮ್ಮ ಅಜ್ಜಿಯರು ತಮ್ಮ ಬಾಳಿಗೆ ಒಗ್ಗಿಸಿಕೊಂಡ ಬಗೆ, ನೀಲಮ್ಮನಿಗೆ ಆಯಿ ಕಂಡುಕೊಂಡ ಅರ್ಥದಂಥವು, ಯಾವ ಪುಸ್ತಕದಲ್ಲೂ ಇಲ್ಲ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದಿದ ನನ್ನ ತಂಗಿ, ಆಯಿ ಹೇಳಿದ ಪದಗಳನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದಾಳೆ. ನಮ್ಮ ಮನೆಯಲ್ಲಿ ಉಳಿದಿರುವುದು ಅಷ್ಟು.

ನಿಮ್ಮ ಮನೆಯಲ್ಲಿ ಪುರಾಣಕ್ಕೋ, ಪೂಜೆಗೋ, ಪ್ರವಚನಕ್ಕೋ ತಪ್ಪದೆ ಹೋಗುವ ಆಯಿ ಇದ್ದರೆ, ಈ ಶ್ರಾವಣದಲ್ಲಿ ಅವಳ ತಟ್ಟನ್ನು ನೀವೇ ಹಿಡಿದುಕೊಂಡು ಜೊತೆಗೆ ಹೋಗಿ. ಮರಳಿ ಬರುವಾಗ ಏನು ಕೇಳಿದೆ ಎಂದು ಅವಳನ್ನು ವಿಚಾರಿಸಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಡಿ. ಇಡೀ ಬಾಳು ಕೇಳಿದವಳಿಗೆ ಕೇಳುವವರು ಬೇಕು, ಆ ಕೆಲಸ ಮೊಮ್ಮಕ್ಕಳದು.