ಮಂಜುಗಡ್ಡೆಯ ಮೇಲೊಂದು ಬೆಚ್ಚನೆಯ ಗುಡಾರ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳು ಮೂರೇ ಮೂರು. ಅಲ್ಲಿ ಕೆಲಸದವಳು ಸಿಗುತ್ತಾಳೆಯೆ? ರೊಟ್ಟಿಗೆ ಜೋಳದ ಹಿಟ್ಟು ಸಿಗುತ್ತದೆಯೆ? ಆ ಚಳಿಯನ್ನು ಹೇಗೆ ತಡೆದುಕೊಂಡಿರಿ? ಮೊದಲೆರಡಕ್ಕೆ ಒಂದೊಂದೇ ಮಾತಿನ ಉತ್ತರ ಸಾಕು. ಮೂರನೆಯದಕ್ಕೆ ಮಾತ್ರ ನಾನು ಒಂದು ಗುಡಾರದ ಕಥೆಯನ್ನೇ ಹೇಳಬೇಕಾಗುತ್ತದೆ. ಹಾವೇರಿ ಕಡೆಯವಳಾದ ನನಗೂ ಮಂಜುಗಡ್ಡೆಯ ಮೇಲೆ ಮೀನು ಹಿಡಿಯುವ ಗುಡಾರಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ನಗಬಹುದು. ಸ್ವಲ್ಪ ತಾಳಿ, ಹೇಳುತ್ತೇನೆ.

ನನ್ನ ಮಗಳು, ಅಳಿಯ ಇರುವುದು ಕೆನಡಾದ ಗಡಿಗೆ ತಾಗಿಕೊಂಡಿರುವ ಮಿನ್ನೆಸೋಟ ರಾಜ್ಯದಲ್ಲಿ. ‘ಹತ್ತು ಸಾವಿರ ಸರೋವರಗಳ ನಾಡು’ ಎಂಬ ಬಿರುದು ಅದಕ್ಕೆ. ನಿಜವಾದ ಲೆಕ್ಕ ಹನ್ನೊಂದು ಸಾವಿರವನ್ನೂ ದಾಟುತ್ತದಂತೆ. ಜನವರಿಯಲ್ಲಿ ಮಿನಿಯಾಪೊಲಿಸ್ ಪಟ್ಟಣದ ಮಧ್ಯಾಹ್ನವೇ ಸಾಮಾನ್ಯವಾಗಿ ಸೊನ್ನೆಗಿಂತ ಐದು ಡಿಗ್ರಿ ಕೆಳಗಿರುತ್ತದೆ. ಇನ್ನೂ ಉತ್ತರಕ್ಕಿರುವ ಟವರ್ ಎಂಬ ಊರಿನಲ್ಲಿ 1996ರ ಫೆಬ್ರುವರಿ 2ರಂದು ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು! ಅಲ್ಲಿ ಚಳಿಗಾಲ ಬಂತೆಂದರೆ ಕೆರೆಗಳೆಲ್ಲ ಕಲ್ಲುಹಾಸಾಗಿ ಬಿಡುತ್ತವೆ. ಆದರೆ ತಳದವರೆಗೆ ಗಟ್ಟಿಯಾಗುವುದಿಲ್ಲ. ನೀರು ನಾಲ್ಕು ಡಿಗ್ರಿಯಲ್ಲಿ ಅತಿ ಭಾರ, ಆದ್ದರಿಂದ ಆ ನೀರು ತಳಕ್ಕೆ ಇಳಿಯುತ್ತದೆ, ಮಂಜುಗಡ್ಡೆ ಮೇಲೆ ತೇಲುತ್ತದೆ. ಮೀನುಗಳು ಕೆಳಗೆ ಹಾಯಾಗಿರುತ್ತವೆ. ಮಂದಿ ಮೇಲಿನಿಂದ ಹತ್ತು ಇಂಚು ಅಗಲದ ತೂತು ಕೊರೆದು, ಗಾಳ ಬಿಟ್ಟು, ಗುಡಾರದೊಳಗೆ ಗಂಟೆಗಟ್ಟಲೆ ಕೂರುತ್ತಾರೆ. ನಮ್ಮಲ್ಲಿ ಜಾತ್ರೆ ಹೇಗೋ ಅಲ್ಲಿ ಇದು ಹಾಗೆ.

ನಮ್ಮ ಅಳಿಯಂದಿರಿಗೂ ಈ ಹುಚ್ಚು ಹತ್ತಿದೆ. ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಸಿಕ್ಕಿದ್ದೆಲ್ಲ ಪಕ್ಕದ ಮನೆಯ ಅಜ್ಜನ ಪಾಲು. ಈ ಹವ್ಯಾಸ ಕಲಿಸಿದವರೂ ಆ ಅಜ್ಜನೇ.

ನಾನು 2024ರ ಡಿಸೆಂಬರಿನಲ್ಲಿ ಹೋದಾಗ ಮನೆಯಲ್ಲಿ ಇದೇ ವಿಷಯಕ್ಕೆ ಗಂಡ ಹೆಂಡಿರ ನಡುವೆ ಮಾತು ನಿಂತಿತ್ತು. ಒಂಬತ್ತು ವರ್ಷದ ಮೊಮ್ಮಗ ತಾನೂ ಅಪ್ಪನ ಜೊತೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದ. ಮಗಳು ಸುತರಾಂ ಒಪ್ಪಳು. “ಮೀನಿನ ಹುಚ್ಚು ನಿಮಗ ಇರಲಿ. ನನ್ನ ಮಗನ್ನ ಮಾತ್ರ ಆ ಐಸಿನ ಮ್ಯಾಲೆ ಕರ್ಕೊಂಡು ಹೋಗಬ್ಯಾಡ್ರಿ” ಅಂತ ಅವಳ ಒಂದೇ ಮಾತು.

ಅವಳ ಹೆದರಿಕೆಗೆ ಕಾರಣವಿತ್ತು. 2023ರ ಜನವರಿಯಲ್ಲಿ ಅಪ್ಪ ಮಗ ಇಬ್ಬರೂ ಹೋಗಿದ್ದಾಗ ಚಳಿ ತಡೆಯದೆ ಅಳಿಯಂದಿರು ಗುಡಾರದ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ, ಗ್ಯಾಸಿನ ಹೀಟರನ್ನು ಜೋರಾಗಿ ಹಚ್ಚಿ ಕೂತಿದ್ದರು. ಒಂದು ಗಂಟೆಯಾಗುವಷ್ಟರಲ್ಲಿ ಹುಡುಗ ತೂಕಡಿಸತೊಡಗಿದ. ಇವರಿಗೂ ತಲೆ ಸಿಡಿಯುವಂತಾಯಿತು, ವಾಂತಿ ಬಂದಂತಾಯಿತು. ಪುಣ್ಯಕ್ಕೆ ಪಕ್ಕದ ಗುಡಾರದಲ್ಲಿದ್ದ ಅಜ್ಜ ಬಂದು ಇಬ್ಬರನ್ನೂ ಹೊರಗೆಳೆದರು. ಅದೇ ವರ್ಷ ಡಿಸೆಂಬರ್ 29ರಂದು ಅಪ್ಪರ್ ರೆಡ್ ಲೇಕ್ ಎಂಬ ದೊಡ್ಡ ಸರೋವರದಲ್ಲಿ ಮಂಜುಗಡ್ಡೆಯ ಹಾಳೆ ದಡ ಬಿಟ್ಟು ತೇಲಿ ಹೋಗಿ, ನೂರಕ್ಕೂ ಹೆಚ್ಚು ಮಂದಿಯನ್ನು ರಕ್ಷಿಸಿ ತರಬೇಕಾಯಿತು. ಟೀವಿಯಲ್ಲಿ ಅದನ್ನು ನೋಡಿದ ತಾಯಿಯ ಕರುಳು ಹೇಗೆ ಒಪ್ಪೀತು, ಹೇಳಿ?

ಹುಡುಗನ ತೂಕಡಿಕೆಯ ಕಥೆ ಕೇಳಿದಾಗ ನನಗೆ ನೆನಪಾದದ್ದು ನನ್ನ ತವರಿನ ಓಣಿಯ ಒಂದು ಬಾಣಂತಿ ಕೋಣೆ. ಹೊರಸಿನ ಕೆಳಗೆ ಕೆಂಡ, ಕಿಟಕಿ ಬಾಗಿಲು ಭದ್ರ. ಥಂಡಿ ಗಾಳಿ ತಾಗಬಾರದಲ್ಲ! ಒಂದು ಬೆಳಗಿನ ಜಾವ ಆ ಬಾಣಂತಿ ಎಷ್ಟು ಕರೆದರೂ ಏಳಲಿಲ್ಲ. ಬಾಗಿಲು ತೆಗೆದು, ಹೊರಗೆ ಹೊತ್ತು ತಂದ ಮೇಲೆ ಕಣ್ಣು ಬಿಟ್ಟಳು. ಹಿರಿಯರು ಏನೇನೋ ಸೋಂಕು ಎಂದರು. ಡಾಕ್ಟರು ಕೆಂಡದ ವಿಷಗಾಳಿ ಎಂದರು. ಕಾರ್ಬನ್ ಮಾನಾಕ್ಸೈಡ್ ಎಂಬ ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಎಲ್ಲರೂ ಏಳುವುದಿಲ್ಲ.

ಮೊಮ್ಮಗ ನನ್ನ ಸೆರಗು ಹಿಡಿದು, “ಅಜ್ಜಿ, ನೀನ ಅವ್ವಗ ಹೇಳು” ಅಂತ ಗಂಟುಬಿದ್ದ. ನಾನು ಅವಳಿಗೆ ಏನೂ ಹೇಳಲಿಲ್ಲ. ಅಳಿಯಂದಿರಿಗೆ ಹೇಳಿದೆ: “ಮೊದಲ ನಿಮ್ಮ ಗುಡಾರ ತೋರಸ್ರಿ. ಕೌದಿ ಹೊಲಿಯೂದು ನನಗ ಗೊತ್ತೈತಿ. ಬಾಕಿದ್ದು ನೀವು ನೋಡ್ಕೋರಿ.”

ಗುಡಾರವನ್ನು ನಡುಮನೆಯಲ್ಲೇ ಬಿಚ್ಚಿ ತೋರಿಸಿದರು. ಅಡಿಯಲ್ಲಿ ಪ್ಲಾಸ್ಟಿಕ್ಕಿನ ಜಾರುಬಂಡಿ, ಅದಕ್ಕೆ ಕೂಡಿಸಿದ ಎರಡು ಆಸನ, ಹಿಂದಿನಿಂದ ಮುಂದಕ್ಕೆ ಎಳೆದರೆ ಕಮಾನಿನಂತೆ ಮುಚ್ಚಿಕೊಳ್ಳುವ ಬಟ್ಟೆಯ ಚಾವಣಿ. ಬಟ್ಟೆ ಒಂದೇ ಪದರದ್ದು, ಕೊಡೆಯ ಬಟ್ಟೆಯಷ್ಟು ತೆಳು. ಒಳಗೆ ಎಷ್ಟು ಬೆಂಕಿ ಹಾಕಿದರೇನು, ತೂತು ಕೊಡದಲ್ಲಿ ನೀರು ತುಂಬಿದ ಹಾಗೆ! ಕಾವು ನಿಲ್ಲದ್ದಕ್ಕೆ ಹೀಟರ್ ಜೋರು ಮಾಡಿದ್ದು, ಕಿಂಡಿ ಮುಚ್ಚಿದ್ದು. ಕಾವು ನಿಂತರೆ ಹೀಟರನ್ನು ಸಣ್ಣಗೆ ಇಟ್ಟು, ಕಿಂಡಿಯನ್ನೂ ತೆರೆದಿಡಬಹುದಲ್ಲ? ಹತ್ತದಿನೈದು ಪದರ ಹಳೆ ಸೀರೆ ಹೊಲಿದ ಕೌದಿ ಬೆಚ್ಚಗಿರುವುದು ಸೀರೆಯಿಂದಲ್ಲ, ಪದರಗಳ ನಡುವೆ ಸಿಕ್ಕಿ ನಿಂತ ಗಾಳಿಯಿಂದ. ಅದೇ ಉಪಾಯ ಇಲ್ಲಿಯೂ.

ಎರಡು ವಾರ ಇದೇ ಕೆಲಸ ನಡೆಯಿತು. ಹಳೆ ಹತ್ತಿ ಸೀರೆ ಬೇಡ, ಹತ್ತಿ ತೇವ ಹೀರಿ ಒಣಗುವುದಿಲ್ಲ ಎಂದರು ಅಜ್ಜ. ಹಾಗಾಗಿ ಪಾಲಿಯೆಸ್ಟರಿನ ಎರಡು ಹಳೆ ಹೊದಿಕೆಗಳ ನಡುವೆ ಅದೇ ನೂಲಿನ ತೆಳು ಹಾಸು ಇಟ್ಟು ಹೊಲಿದೆ. ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕಲಿಲ್ಲ. ನಾಲ್ಕು ಬೆರಳಿಗೊಂದು ಸಾಲು ಅಷ್ಟೆ. ಒತ್ತಿ ಹೊಲಿದರೆ ಒಳಗಿನ ಗಾಳಿ ಹೊರಟುಹೋಗುತ್ತದೆ. ಇದನ್ನು ಚಾವಣಿಗೂ ಎರಡು ಪಕ್ಕದ ಗೋಡೆಗಳ ಮೇಲ್ಭಾಗಕ್ಕೂ ಕ್ಲಿಪ್ಪಿನಿಂದ ತೂಗುಬಿಟ್ಟೆವು. ಹೊರಬಟ್ಟೆಗೆ ಅಂಟದಂತೆ ಒಂದು ಇಂಚು ಸಂದು ಬಿಟ್ಟೆವು. ಹೊಳೆಯುವ ಬೆಳ್ಳಿ ಬಣ್ಣದ ಹಾಳೆ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದಕ್ಕೂ ಮುಂದೆ ಸಂದು ಇರಬೇಕು. ಬಟ್ಟೆಗೆ ಒತ್ತಿ ಅಂಟಿಸಿದರೆ ಹೆಚ್ಚು ಉಪಯೋಗವಿಲ್ಲ.

ನೆಲಕ್ಕೆ ಮಕ್ಕಳ ಆಟದ ಕೋಣೆಗೆ ಹಾಸುವ, ಒಂದಕ್ಕೊಂದು ಕಚ್ಚಿಕೊಳ್ಳುವ ಫೋಮಿನ ಚಾಪೆ ತಂದೆವು. ಮೀನಿನ ತೂತಿಗೆ ಸರಿಯಾಗಿ ಅದರಲ್ಲೂ ತೂತು ಕತ್ತರಿಸಿದೆವು. ಮಂಜುಗಡ್ಡೆಯ ಮೇಲೆ ಬರಿದೆ ಕಾಲಿಟ್ಟು ಕೂತರೆ ಎಂಥ ಬೂಟು ಇದ್ದರೂ ಪಾದದ ಬಿಸಿಯನ್ನು ಅದು ಹೀರಿಬಿಡುತ್ತದೆ. ಗುಡಾರದ ಅಂಚಿಗೆ ಲಂಗದ ಅಂಚಿನ ಹಾಗೆ ಒಂದು ಮೊಳ ಬಟ್ಟೆ ಇರುತ್ತದೆ. ಅದರ ಮೇಲೆ ಸಲಿಕೆಯಿಂದ ಹಿಮ ಎಳೆದು ಒತ್ತಿದರೆ ಕೆಳಗಿನಿಂದ ಗಾಳಿ ನುಗ್ಗದು. ಹಿಮವೂ ಒಂದು ಕೌದಿಯೇ, ಅದರೊಳಗೂ ಗಾಳಿ ತುಂಬಿರುತ್ತದೆ.

ಹೀಟರಿನ ಬಳಿ ಮಾತ್ರ ಯಾವ ಬಟ್ಟೆಯನ್ನೂ ಕಟ್ಟಲಿಲ್ಲ. ಅದರ ಪುಸ್ತಕದಲ್ಲಿ ಬರೆದಷ್ಟು ದೂರವನ್ನು ಮುಂದೆಯೂ ಮೇಲೆಯೂ ಅಳೆದು ಬಿಟ್ಟೆವು. ಪಾಲಿಯೆಸ್ಟರು ಬೆಂಕಿಗೆ ಕರಗಿ ಮೈಗೆ ಅಂಟುವಂಥದ್ದು, ಎಚ್ಚರ. ಅಲ್ಲಿ ಉರಿಸುವುದು ಪ್ರೊಪೇನ್ ಅನಿಲ. ನಮ್ಮ ಅಡಿಗೆ ಸಿಲಿಂಡರಿನಲ್ಲಿ ಬ್ಯೂಟೇನ್ ಕೂಡ ಇರುತ್ತದೆ. ಅದು ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಇನ್ನೊಂದು ಸೋಜಿಗ ಕೇಳಿ. ಅರ್ಧ ಕಿಲೋಗಿಂತ ತುಸು ಕಡಿಮೆಯ ಒಂದು ಸಣ್ಣ ಸಿಲಿಂಡರು ಉರಿದರೆ ಸುಮಾರು ಮುಕ್ಕಾಲು ಲೀಟರು ನೀರು ಹಬೆಯಾಗಿ ಹೊರಬರುತ್ತದೆ! ಕಿಂಡಿ ಮುಚ್ಚಿದರೆ ಅದೆಲ್ಲ ಚಾವಣಿಯಲ್ಲಿ ಹೆಪ್ಪುಗಟ್ಟಿ, ಕರಗಿ, ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಆದ್ದರಿಂದ ನೆಲದ ಹತ್ತಿರ ಒಂದು ಕಿಂಡಿ, ಮೇಲೆ ಒಂದು ಕಿಂಡಿ ಸದಾ ತೆರೆದಿರಬೇಕು. ಆಮ್ಲಜನಕ ಕಡಿಮೆಯಾದರೆ ಹೀಟರು ತಾನಾಗಿ ಆರುವ ವ್ಯವಸ್ಥೆಯೇನೋ ಇದೆ, ಆದರೆ ಅದು ವಿಷಗಾಳಿಯನ್ನು ಅಳೆಯುವುದಿಲ್ಲ. ಅದಕ್ಕೇ ಬ್ಯಾಟರಿಯಿಂದ ನಡೆಯುವ, ವಿಷಗಾಳಿ ಬಂದರೆ ಕೂಗಿಕೊಳ್ಳುವ ಪುಟ್ಟ ಯಂತ್ರವನ್ನು ಮಗಳೇ ತಂದು, ಹುಡುಗನ ಆಸನದ ಪಕ್ಕದಲ್ಲಿ ತಾನೇ ಕಟ್ಟಿದಳು. ಬಾಯಲ್ಲಿ ಮಾತ್ರ ಇನ್ನೂ ‘ಹೂಂ’ ಅಂದಿರಲಿಲ್ಲ.

2025ರ ಜನವರಿಯ ಒಂದು ಭಾನುವಾರ ಎಲ್ಲರೂ ಹೊರಟೆವು, ಮಗಳೂ ಬಂದಳು. ಮೈಗೆ ಅಂಟಿ ಉಣ್ಣೆ ಬನಿಯನ್ನು, ಅದರ ಮೇಲೊಂದು ದಪ್ಪ ಅಂಗಿ, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಕೋಟು. ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿಮಾಡಬಾರದು, ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬೆರಳಿಗೊಂದು ಮನೆಯಿರುವ ಕೈಚೀಲಕ್ಕಿಂತ ನಾಲ್ಕೂ ಬೆರಳು ಕೂಡಿಕೊಂಡಿರುವ ಕೈಚೀಲವೇ ಬೆಚ್ಚಗೆ. ಬುತ್ತಿಗೆ ಶೇಂಗಾ ಉಂಡೆ, ಫ್ಲಾಸ್ಕಿನಲ್ಲಿ ಶುಂಠಿ ಕಷಾಯ. ಹೊಟ್ಟೆ ಖಾಲಿ ಇದ್ದರೆ ಚಳಿ ಇಮ್ಮಡಿ.

ಅಜ್ಜ ಮೊದಲು ಮುಂದೆ ಹೋಗಿ ಕೊರೆದು ಅಳೆದರು. ನಡೆಯಲು ತಿಳಿ ಮಂಜುಗಡ್ಡೆ ಕನಿಷ್ಠ 4 ಇಂಚು ಇರಬೇಕೆಂದು ಅಲ್ಲಿಯ ಸರ್ಕಾರವೇ ಹೇಳುತ್ತದೆ. ಬಿಳಿಯ ಮಂಜುಗಡ್ಡೆಯಾದರೆ ಅದರ ಎರಡರಷ್ಟು. ನಮ್ಮ ಕೆರೆಯಲ್ಲಿ 13 ಇಂಚು ಇತ್ತು. ಆದರೂ ನೀರಿಗೆ ಬಿದ್ದರೆ ಕಚ್ಚಿ ಹಿಡಿದು ಮೇಲೆ ಬರಲು ಬೇಕಾದ ಎರಡು ಮೊಳೆಹಿಡಿಗಳನ್ನು ಪ್ರತಿಯೊಬ್ಬರ ಕೊರಳಿಗೂ ಹಾಕಿದರು.

ಹೊರಗೆ ಸೊನ್ನೆಗಿಂತ 17 ಡಿಗ್ರಿ ಕೆಳಗೆ. ಗುಡಾರದೊಳಗೆ ಹೀಟರು ಸಣ್ಣ ಉರಿಯಲ್ಲಿ, ಎರಡೂ ಕಿಂಡಿ ತೆರೆದು, ಅರ್ಧ ಗಂಟೆಗೆಲ್ಲ ಸೊನ್ನೆಯ ಮೇಲೆ 11 ಡಿಗ್ರಿ! ಹಿಂದೆ ಎರಡೂವರೆ ಗಂಟೆಗೆ ಮುಗಿಯುತ್ತಿದ್ದ ಸಿಲಿಂಡರು ಆವತ್ತು ಐದು ಗಂಟೆ ಬಂತು. ಗುಡಾರ ಇಬ್ಬರದ್ದು. ಮೊದಲು ಮಗಳೇ ಮಗನ ಜೊತೆ ಒಳಗೆ ಕೂತಳು. ಹೀಟರನ್ನು ನೋಡಲಿಲ್ಲ, ಗಾಳವನ್ನು ನೋಡಲಿಲ್ಲ. ಆ ಪುಟ್ಟ ಯಂತ್ರವನ್ನೇ ನೋಡುತ್ತ ಕೂತಳು. ಒಂದು ಗಂಟೆಯಾದರೂ ಅದರ ಅಂಕಿ ಸೊನ್ನೆಯಿಂದ ಅಲುಗಲಿಲ್ಲ. ಆಮೇಲೆ ಎದ್ದು ಹೊರಗೆ ಬಂದು ಗಂಡನಿಗೆ, “ನೀವು ಕೂಡ್ರಿ. ತಾಸಿಗೊಮ್ಮೆ ಅವನ್ನ ಹೊರಗ ಕರ್ಕೊಂಡು ಬರಬೇಕು. ಆ ಕಿಂಡಿ ಮುಚ್ಚಿದ್ರ ಇದ ಕಡೀ ಸಲ” ಅಂದಳು. ಅಳಿಯಂದಿರು ಮಾತಾಡದೆ ತಲೆಯಾಡಿಸಿದರು. ಬಹಳ ದಿನದ ಮೇಲೆ ಇಬ್ಬರೂ ಒಂದೇ ಲೋಟದಲ್ಲಿ ಕಷಾಯ ಕುಡಿದದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ.

ಸೋದರಿಯರೇ, ನಮ್ಮ ಕೆರೆಗಳೇನೂ ಗಟ್ಟಿಯಾಗುವುದಿಲ್ಲ, ಗುಡಾರ ಹೊಲಿಯುವ ಪ್ರಸಂಗ ನಿಮಗೆ ಬಾರದು. ಆದರೆ ಆ ಗುಡಾರಕ್ಕಿಂತ ಚಿಕ್ಕ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ, ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರು ನಮ್ಮಲ್ಲಿ ಎಷ್ಟು ಜನ! ಜೀವ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಗೀಸರನ್ನು ಬಚ್ಚಲಿನ ಹೊರಗೆ ಹಾಕಿಸಿ, ಬಿಸಿನೀರು ಕೊಳವೆಯಲ್ಲಿ ಒಳಗೆ ಬರಲಿ. ಬಾಣಂತಿಗೆ ಮಗುವಿಗೆ ಕಾವು ಬೇಕೆಂದರೆ ಉಣ್ಣೆ ಟೊಪ್ಪಿಗೆ, ಕಾಲುಚೀಲ ಹಾಕಿ, ಅವಳಿಗೊಂದು ಕೌದಿ ಹೆಚ್ಚು ಹೊದಿಸಿ. ಕೆಂಡದ ಶಿಗಡಿಯನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ನಿಮ್ಮ ಬಚ್ಚಲಿಗೆ ಗಾಳಿಯ ಕಿಂಡಿ ಇದೆಯೆ, ಇದ್ದರೆ ಅದಕ್ಕೆ ಯಾರಾದರೂ ಬಟ್ಟೆ ತುರುಕಿದ್ದಾರೆಯೆ ಎಂದು ಇವತ್ತು ಸಂಜೆಯೇ ಒಮ್ಮೆ ನೋಡಿ.