ಬೆಟ್ಟದ ನೀರು, ಕಡಲಿನ ಜೀವ

ನಾಪೋಕ್ಲಿನಲ್ಲಿ ಬಾಳುವ ನಮಗೆ ನೀರೆಂದರೆ ಕಾವೇರಿಯೇ. ಮುಂಗಾರಿನಲ್ಲಿ ಆಕೆ ದಡ ಮೀರಿ ಗದ್ದೆ, ರಸ್ತೆಗಳನ್ನು ಆವರಿಸುವುದನ್ನು ಕಂಡು ಬೆಳೆದವರು ನಾವು. ಕಡಲು ಮಾತ್ರ ನಮ್ಮ ಪಾಲಿಗೆ ದೂರದ ಮಾತಾಗಿತ್ತು. ಆದರೆ ಭಾಗಮಂಡಲದಿಂದ ಕರಿಕೆಯ ಘಟ್ಟವಿಳಿದು, ಪಾಣತ್ತೂರಿನ ಮಾರ್ಗವಾಗಿ ಹೊಸದುರ್ಗವೆಂಬ ಕಾಞಂಗಾಡನ್ನು ತಲುಪಿದರೆ ಅಲ್ಲಿಯೇ ಅರಬ್ಬೀ ಸಮುದ್ರ. ತುಸು ದಕ್ಷಿಣಕ್ಕೆ ನೀಲೇಶ್ವರದ ತೈಕ್ಕಡಪ್ಪುರಂ ತೀರ. ಅಲ್ಲಿ ಕಡಲಾಮೆಗಳನ್ನು ಕಾಯುವ ಸ್ವಯಂಸೇವಕರಿರುವರೆಂದು ಕೇಳಿ, ಚಳಿಗಾಲದಲ್ಲೊಮ್ಮೆ ಮನೆಮಂದಿಯೊಡನೆ ಹೋಗಿಬಂದೆವು.

ಈ ಸ್ವಯಂಸೇವಕರ ಬಳಗದ ಹೆಸರು ‘ನೆಯ್ತಲ್’. ಕಡಲತಡಿಯ ನಾಡಿಗೆ ಪ್ರಾಚೀನ ತಮಿಳರು ಇಟ್ಟ ಹೆಸರದು. ನಮ್ಮ ನೆಯ್ದಿಲೆ ಹೂವಿನ ಹೆಸರಿಗೂ ಅದಕ್ಕೂ ನಂಟುಂಟು. ಎರಡು ದಶಕಗಳಿಗೂ ಹೆಚ್ಚಿನ ಈ ಸೇವೆಯ ಬೆನ್ನೆಲುಬು ಊರಿನ ಸಾಮಾನ್ಯ ಜನರೇ.

ಇಲ್ಲಿಗೆ ಬರುವುದು ಆಲಿವ್ ರಿಡ್ಲೆ ಜಾತಿಯ ಆಮೆ. ರಾತ್ರಿಯ ನಿಶ್ಶಬ್ದದಲ್ಲಿ ತಾಯಿ ಆಮೆ ತೆರೆಯಿಂದ ಮೇಲೇರಿ, ಹಿಂಗಾಲುಗಳಿಂದ ಮರಳನ್ನು ಬಗೆದು, ಸುಮಾರು ನೂರು ಮೊಟ್ಟೆಗಳನ್ನಿಟ್ಟು ಗುಳಿ ಮುಚ್ಚಿ ಹಿಂದಿರುಗುತ್ತದೆ. ಮರಳಿ ನೋಡಲು ಅದು ಬಾರದು. ನಾಯಿ, ನರಿ, ಕಡಲಕೊರೆತಗಳ ಜೊತೆಗೆ ಹಿಂದೆ ಮೊಟ್ಟೆ ಮಾರುವವರ ಭಯವೂ ಇತ್ತು. ಸ್ವಯಂಸೇವಕರು ತೀರದುದ್ದಕ್ಕೂ ನಡೆದು, ಆಮೆಯ ಜಾಡು ಹಿಡಿದು ಗೂಡನ್ನು ಗುರುತಿಸುತ್ತಾರೆ. ಅಪಾಯವಿದ್ದಲ್ಲಿ ಮೊಟ್ಟೆಗಳನ್ನು ಅಲುಗಿಸದೆ, ಮಗುಚದೆ ಬೇಲಿಯೊಳಗಿನ ಮರಳಿಗೆ ಸಾಗಿಸುತ್ತಾರೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಳಿನ ಬಿಸಿ ಹೆಚ್ಚಿದರೆ ಹೆಣ್ಣುಗಳು, ಕಡಿಮೆಯಾದರೆ ಗಂಡುಗಳು ಹೆಚ್ಚುವುದು ಸೃಷ್ಟಿಯ ಸೋಜಿಗ. ಕಡಲ ಮೇಲಣ ಮಂದ ಬೆಳಕೇ ಮರಿಗಳಿಗೆ ದಾರಿ. ದಡದ ದೀಪಗಳು ಉರಿದರೆ ಅವು ದಾರಿತಪ್ಪಿ ಸಾಯುತ್ತವೆ.

ಅಂಗೈಗಿಂತ ಕಿರಿದಾದ ಮರಿಗಳು ತೆರೆಯತ್ತ ತೆವಳಿದಾಗ ನಮ್ಮ ಮೊಮ್ಮಗಳು, “ಇವು ಇವರನ್ನು ನೋಡಲು ಮತ್ತೆ ಬರುತ್ತವೆಯೇ?” ಎಂದು ಕೇಳಿದಳು. ನಾವು ಮೌನವಾದೆವು. ಸಾವಿರಕ್ಕೆ ಒಂದು ಬದುಕಿ ಬೆಳೆದರೆ ಹೆಚ್ಚು. ಬದುಕಿದ ಹೆಣ್ಣು ಹತ್ತಾರು ವರ್ಷಗಳ ಬಳಿಕ ಹುಟ್ಟಿದ ಸೀಮೆಗೇ ಬಂದರೂ, ಕಾಪಾಡಿದ ಕೈಯನ್ನು ಅದು ಅರಿಯದು. ಕಾಯಕವೆಂಬ ಮಾತನ್ನು ನಾವು ಎಷ್ಟೋ ಸಲ ಆಡಿದ್ದೇವೆ. ಫಲವನ್ನು ಕಾಣುವ ಆಸೆಯಿಲ್ಲದ ಕಾಯಕವನ್ನು ಅಂದು ಕಣ್ಣಾರೆ ಕಂಡೆವು.

ಬಲೆಯ ಚೂರುಗಳಿಗೆ ಸಿಲುಕಿ ಆಮೆಗಳು ಕಾಲು ಕಳೆದುಕೊಳ್ಳುವುದನ್ನೂ, ಪ್ಲಾಸ್ಟಿಕ್ಕನ್ನು ಆಹಾರವೆಂದು ನುಂಗುವುದನ್ನೂ ಅಲ್ಲಿ ಕೇಳಿದಾಗ ನಮಗೆ ನಮ್ಮ ಮನೆಯ ತೋಡು ನೆನಪಾಯಿತು. ಹಿಂದಿನ ವರ್ಷ ಮನೆಯಲ್ಲಿ ನಡೆದ ದಾಸೋಹದಲ್ಲಿ ಬಾಳೆಲೆಯ ಬದಲು ಅಗ್ಗದ ತಟ್ಟೆ, ಲೋಟಗಳನ್ನು ತರಿಸಿದ್ದೆವು. ಉಳಿದುದು ತೋಡಿನ ಬದಿಯಲ್ಲಿ ರಾಶಿಯಾಗಿತ್ತು. ಮೊದಲ ಮಳೆಗೆ ಸ್ಥಳ ಬರಿದಾದಾಗ ಸ್ವಚ್ಛವಾಯಿತೆಂದೇ ನೆಮ್ಮದಿಪಟ್ಟಿದ್ದೆವು.

ಆ ಕಸ ಹೋದುದೆಲ್ಲಿಗೆ? ನಾಪೋಕ್ಲಿನ ನೀರು ಕಾವೇರಿಯೊಡನೆ ಪೂಂಪುಹಾರಿನಲ್ಲಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಕೊಡಗಿನ ಪಶ್ಚಿಮದ ಮಲೆಗಳ ನೀರು ಪಯಸ್ವಿನಿಯಾಗಿ ಸುಳ್ಯವನ್ನು ಹಾದು, ಚಂದ್ರಗಿರಿ ಹೊಳೆಯೆನಿಸಿ ಕಾಸರಗೋಡಿನ ಕಡಲಿಗಿಳಿಯುತ್ತದೆ. ಹಾಲೇರಿ ಅರಸರ ಕಾಲದಲ್ಲಿ ಸುಳ್ಯ ಸೀಮೆಯೂ ಕೊಡಗಿನದೇ ಆಗಿತ್ತು; 1834ರಲ್ಲಿ ಅರಸೊತ್ತಿಗೆ ಅಳಿದ ಮೇಲೆ ಗಡಿ ಬದಲಾಯಿತು, ನೀರಿನ ದಾರಿ ಬದಲಾಗಲಿಲ್ಲ. ಎರಡು ಕಡಲುಗಳಲ್ಲಿಯೂ ಈ ಆಮೆಗಳಿವೆ. ಪೂರ್ವದ ಚೆನ್ನೈ ತೀರದಲ್ಲಿ ವಿದ್ಯಾರ್ಥಿಗಳ ಬಳಗವೊಂದು 1988ರಿಂದ ಇಂತಹುದೇ ರಾತ್ರಿ ನಡಿಗೆಯನ್ನು ನಡೆಸಿಕೊಂಡು ಬಂದಿದೆ.

ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯ ರಕ್ಷೆಯಿದೆ. ಆದರೆ ಕಾಯಿದೆ ಪ್ರತಿ ಮನೆಯ ತೋಡಿನ ಬಳಿ ನಿಲ್ಲಲಾರದು. ಶರಣರು ಕಲಿಸಿದ ಜೀವದಯೆ ಕಣ್ಣೆದುರಿನ ಪ್ರಾಣಿಗಷ್ಟೇ ಸಲ್ಲತಕ್ಕದ್ದಲ್ಲ. ನಾವೆಂದೂ ಕಾಣದ ಜೀವಕ್ಕೂ ಸಲ್ಲಬೇಕು. ಈ ವರ್ಷ ನಮ್ಮ ಮನೆಯ ದಾಸೋಹಕ್ಕೆ ಮತ್ತೆ ಬಾಳೆಲೆ ಬಂದಿತು. ತೋಟದಿಂದ ಎಲೆಗಳನ್ನು ಕೊಯ್ದು ತಂದವಳು ಮೊಮ್ಮಗಳೇ.