ಬಾದಾಮಿಯ ಬಂಡೆಯೂ ನಮ್ಮ ಬೆನ್ನೂ

ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ನಮಗೆ ಒಂದು ಆಸೆ ಮಾತ್ರ ಈಡೇರದೆ ಉಳಿದಿತ್ತು. ತ್ರಿಪದಿಯ ಲಕ್ಷಣ ಹೇಳುವಾಗಲೆಲ್ಲ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದೆವು. ಆದರೆ ಆ ಬಂಡೆಯ ಮುಂದೆ ಒಮ್ಮೆಯೂ ನಿಂತಿರಲಿಲ್ಲ. ಶಾಲೆಯ ಪ್ರವಾಸಗಳಲ್ಲಿ ಗುಹೆಗಳನ್ನು ತೋರಿಸಿ, ಮಕ್ಕಳನ್ನು ಎಣಿಸಿ ಬಸ್ಸು ಹತ್ತಿಸುವುದರೊಳಗೆ ಹೊತ್ತು ಮುಳುಗುತ್ತಿತ್ತು. ಆದುದರಿಂದ ಬಾಗಲಕೋಟೆಯ ನವನಗರದಲ್ಲಿರುವ ಮಗಳು ಈ ಚಳಿಗಾಲದಲ್ಲಿ ಬರಹೇಳಿದಾಗ, ಆರನೆಯ ತರಗತಿಯಲ್ಲಿ ಓದುವ ಮೊಮ್ಮಗನಿಗೆ ಆ ಶಾಸನವನ್ನು ನಾವೇ ತೋರಿಸುವುದಾಗಿ ಮಾತು ಕೊಟ್ಟೆವು.

ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು. ಗದಗು ದಾಟಿದ ಮೇಲೆ ಎರಡೂ ಕಡೆಗೆ ಕರಿಯ ಎರೆಭೂಮಿ, ಬಿಳಿಜೋಳದ ಹೊಲ, ಕಡಲೆಯ ಹಸುರು. ಬಾದಾಮಿ ಸಮೀಪಿಸಿದಂತೆ ಕೆಂಪು ಮರಳುಗಲ್ಲಿನ ಗುಡ್ಡಗಳು ತಲೆಯೆತ್ತುತ್ತವೆ. ನೋಡುವ ಸಂಭ್ರಮದಲ್ಲಿ ನಾವು ಕುಳಿತಲ್ಲಿಂದ ಏಳಲೇ ಇಲ್ಲ. ಮೊದಲ ತಪ್ಪು ಅದು.

ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಹಲವು ಓಣಿಗಳನ್ನು ನುಂಗಿದ್ದರಿಂದ ಎತ್ತರದ ನೆಲದಲ್ಲಿ ಕಟ್ಟಿದ ಊರು ನವನಗರ. ಅಗಲವಾದ ರಸ್ತೆಗಳು, ಸಂಖ್ಯೆಯಿಂದ ಕರೆಯಿಸಿಕೊಳ್ಳುವ ಸೆಕ್ಟರುಗಳು. ನೆರೆಮನೆಯ ಹಿರಿಯರು ಮಾತಿಗೆ ಕುಳಿತರೆ ಈಗಲೂ ನೀರಿನಡಿಯ ತಮ್ಮ ಹಳೆಯ ಮನೆಯ ತೊಲೆಬಾಗಿಲಿಗೇ ಬಂದು ನಿಲ್ಲುತ್ತಾರೆ. ನಾವು ಬಾಗಿಲಲ್ಲಿ ಕಾಲಿಡುತ್ತಲೇ ನಾಲ್ಕು ವರ್ಷದ ಮೊಮ್ಮಗಳು ಓಡಿ ಬಂದಳು. ಮೊಣಕಾಲು ಮಡಚದೆ, ಸೊಂಟವನ್ನಷ್ಟೇ ಬಗ್ಗಿಸಿ ಆಕೆಯನ್ನು ಎತ್ತಿಕೊಂಡೆವು. ಕೆಳಬೆನ್ನಿನಲ್ಲಿ ಚಳಕ್ಕೆಂದಿತು. ಮುಖದ ನಗುವನ್ನು ಹಾಗೆಯೇ ಉಳಿಸಿಕೊಂಡು ಮಗುವನ್ನು ಮೆಲ್ಲಗೆ ಇಳಿಸಿದೆವು.

ಯಾರಿಗೂ ಹೇಳಲಿಲ್ಲ. ಬಂದ ದಿನವೇ ನರಳುವುದೆಂದರೇನು ಎಂಬ ಸಂಕೋಚ ಒಂದು ಕಡೆ. ಮುದುಕರಾದೆವೆಂದು ಒಪ್ಪಿಕೊಳ್ಳಲಾರದ ಅಭಿಮಾನ ಇನ್ನೊಂದು ಕಡೆ. ಬೆನ್ನುನೋವಿಗೆ ಗಟ್ಟಿ ನೆಲವೇ ಮದ್ದೆಂದು ಕೇಳಿದ್ದರಿಂದ, ರಾತ್ರಿ ಮಂಚ ಬಿಟ್ಟು ನೆಲದ ಮೇಲೆ ಚಾದರ ಹಾಸಿ ಮಲಗಿದೆವು. ಬೆಳಗ್ಗೆ ಗೋಡೆ ಹಿಡಿದು ಏಳುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದಿತು. ಅದೇ ಹೊತ್ತಿಗೆ ಮೊಮ್ಮಗ ಚೀಲ ಸಿದ್ಧಮಾಡಿಕೊಂಡು, "ಅಜ್ಜಾ, ಬಾದಾಮಿಗೆ ಯಾವಾಗ ಹೊರಡೋದು?" ಎಂದು ಕೇಳಿದ. "ಸುಮ್ಮನ ಕೂಡು, ಯಾವಾಗಲೂ ತಿರುಗಾಟದ್ದ ಚಿಂತಿ!" ಎಂದು ಗದರಿಸಿಬಿಟ್ಟೆವು. ಹುಡುಗ ಚೀಲವನ್ನು ಮೂಲೆಯಲ್ಲಿಟ್ಟು ಒಳಗೆ ಹೋದ. ಆ ದಿನವೆಲ್ಲ ನಮ್ಮ ಹತ್ತಿರ ಸುಳಿಯಲಿಲ್ಲ.

ನೋವನ್ನು ಮುಚ್ಚಿಡಬಹುದು, ನೋವಿನಿಂದ ಹುಟ್ಟಿದ ಸಿಡುಕನ್ನು ಮುಚ್ಚಿಡಲಾಗದು. ಮಧ್ಯಾಹ್ನ ಊಟಕ್ಕೆ ಚಕ್ಕಳಬಕ್ಕಳ ಹಾಕಿ ಕೂಡಲು ಹೋಗಿ ಅರ್ಧದಲ್ಲೇ ನಿಂತಾಗ ಮಗಳಿಗೆ ಎಲ್ಲವೂ ತಿಳಿಯಿತು. "ಅಪ್ಪಾ, ನೋವು ಅಂತ ಹೇಳಿದ್ರ ಒಂದು ಕುರ್ಚಿ ತರ್ತಿದ್ವಿ. ಹೇಳಲಿಲ್ಲ ಅಂದ್ರ ನಮ್ಮ ಮ್ಯಾಲ ಸಿಟ್ಟಾಗೀರಿ ಅಂತ ತಿಳಕೊಂಡ್ವಿ" ಎಂದಳು. ಅವಳ ಕಣ್ಣು ತುಂಬಿತ್ತು. ಬೆನ್ನಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

ಸಂಜೆ ಕಂಡ ವೈದ್ಯರು ಕಾಲುಗಳನ್ನು ಒಂದೊಂದಾಗಿ ಎತ್ತಿಸಿ, ಮೊಣಕಾಲಿಗೆ ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಿದರು. ಕಾಲಿನಲ್ಲಿ ಶಕ್ತಿ ಕುಂದಿದೆಯೇ, ತೊಡೆಸಂದಿಯಲ್ಲಿ ಮರಗಟ್ಟಿದೆಯೇ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದೆಯೇ, ಜ್ವರವಿದೆಯೇ, ತೂಕ ಇಳಿದಿದೆಯೇ, ಬಿದ್ದಿದ್ದಿರಾ ಎಂದು ವಿಚಾರಿಸಿದರು. ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಂತೆ. ನಮಗೆ ಒಂದೂ ಇರಲಿಲ್ಲ. ವಯಸ್ಸಾದಂತೆ ಬೆನ್ನೆಲುಬಿನ ನಡುವಣ ಮೆತ್ತೆಗಳಲ್ಲಿ ನೀರಿನಂಶ ಕಡಿಮೆಯಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಬಹಳ ಹೊತ್ತು ಕುಳಿತು, ಒಮ್ಮೆಲೇ ಬಗ್ಗಿ ಭಾರ ಎತ್ತಿದರೆ ಹೀಗಾಗುವುದುಂಟು. ಇಂಥ ನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ.

ಹಾಸಿಗೆ ಹಿಡಿದು ಮಲಗುವುದೇ ಉಪಚಾರವೆಂಬ ನಮ್ಮ ತಿಳಿವಳಿಕೆಯೂ ಹುಸಿಯಾಯಿತು. ಮಲಗಿದಷ್ಟೂ ಸ್ನಾಯುಗಳು ಸೋಲುತ್ತವೆ, ಸಹಿಸುವಷ್ಟು ನಡೆಯಿರಿ ಎಂದರು. ಬರಿನೆಲವೂ ಬೇಡ, ಕುಸಿಯುವ ಹಾಸಿಗೆಯೂ ಬೇಡ, ನಡುತರದ ಗಟ್ಟಿತನದ್ದು ಸಾಕು. ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿರಿ. ಏಳುವಾಗ ಮಗ್ಗುಲಿಗೆ ಹೊರಳಿ ಕೈಯೂರಿ ಏಳಿರಿ ಎಂದರು. ಬಿಸಿನೀರಿನ ಶಾಖ ಹಿತವೆನಿಸಿದರೆ ಕೊಡಬಹುದು. ನೋವಿನ ಗುಳಿಗೆಗಳು ಇಳಿವಯಸ್ಸಿನಲ್ಲಿ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು ಮಾಡಬಲ್ಲವಾದ್ದರಿಂದ, ಕೇಳದೆ ತೆಗೆದುಕೊಳ್ಳಬಾರದೆಂದು ಎಚ್ಚರಿಸಿದರು. "ಬಾದಾಮಿ?" ಎಂದೆವು. "ನಾಲ್ಕು ದಿನ ಬಿಟ್ಟು ಹೋಗಿಬನ್ನಿ. ನಿಮ್ಮ ಬೆನ್ನು ಸಾಕು ಅಂದಲ್ಲಿ ನಿಲ್ಲಿರಿ" ಎಂದು ನಕ್ಕರು.

ಐದನೆಯ ದಿನ ಹೊರಟೆವು. ಟವೆಲ್ಲನ್ನು ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟುಕೊಂಡೆವು. ಅರ್ಧ ದಾರಿಯಲ್ಲಿ ಅಳಿಯಂದಿರು ಕಾರು ನಿಲ್ಲಿಸಿದಾಗ ಇಳಿದು ಹತ್ತು ನಿಮಿಷ ಅಡ್ಡಾಡಿದೆವು. ಬುತ್ತಿಯ ಚೀಲ ಮೊಮ್ಮಗನ ಹೆಗಲಿಗೇರಿತ್ತು.

ಬಾದಾಮಿಯ ಗುಹೆಗಳು ನಾಲ್ಕು. ಒಂದು ಶೈವ, ಎರಡು ವೈಷ್ಣವ, ಒಂದು ಜೈನ. ನಿಂತು ನಿಂತು ಮೆಟ್ಟಿಲೇರಿ ಮೊದಲನೆಯದನ್ನು ಮುಟ್ಟಿದೆವು. ಹದಿನೆಂಟು ಕೈಗಳ ನಟರಾಜ ಅಲ್ಲಿದ್ದಾನೆ. ಕಲ್ಲಿನ ಆ ಸೊಂಟದ ಬಳುಕನ್ನು ಕಂಡು, ನಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲರೊಡನೆ ನಾವೂ ನಕ್ಕೆವು. ಮೂರನೆಯ ಗುಹೆಯಲ್ಲಿ ಶಕವರ್ಷ 500, ಅಂದರೆ ಕ್ರಿ.ಶ. 578ರ, ಮಂಗಳೇಶನ ಶಾಸನವಿದೆ. ಮಿಕ್ಕವರನ್ನು ಅದಕ್ಕೆ ಕಳುಹಿಸಿ ನಾವು ಇಳಿದು, ಅಗಸ್ತ್ಯ ತೀರ್ಥದ ದಂಡೆಗೆ ಬಂದೆವು.

ಕಪ್ಪೆ ಅರಭಟ್ಟನ ಶಾಸನ ಆ ಕೆರೆಯ ಈಶಾನ್ಯ ಭಾಗದ ಬಂಡೆಯ ಮೇಲಿದೆ. ದಂಡೆಯ ಮೇಲೆ ಸ್ವಲ್ಪ ದೂರ ನಡೆದೆವು. ಮುಂದೆ ಹತ್ತುವುದು ಆಗದೆಂದು ಬೆನ್ನು ಸ್ಪಷ್ಟವಾಗಿ ಹೇಳಿತು. ಈ ಸಲ ನಾವೂ ಬಾಯಿಬಿಟ್ಟು ಹೇಳಿದೆವು: "ತಮ್ಮಾ, ಅಜ್ಜನ ಕೈಲೆ ಆಗೂದಿಲ್ಲ. ನೀ ಅಪ್ಪನ ಜೋಡಿ ಹೋಗಿ ನೋಡಿ ಬಾ." ಹುಡುಗ ಮರುಮಾತಾಡದೆ ಓಡಿದ. ಭೂತನಾಥ ಗುಡಿಯ ನೆರಳು ನೀರಿನಲ್ಲಿ ಅಲುಗಾಡುವುದನ್ನು ನೋಡುತ್ತ ಕುಳಿತೆವು. ಮೂವತ್ತೆರಡು ವರ್ಷ ಪಾಠ ಮಾಡಿದ ಬಂಡೆ ಅಷ್ಟು ಸಮೀಪದಲ್ಲಿದ್ದೂ ದೂರವಾಯಿತಲ್ಲ ಎಂದು ಮನಸ್ಸು ಭಾರವಾಗಿತ್ತು.

ಮೊಬೈಲಿನಲ್ಲಿ ಚಿತ್ರ ಹಿಡಿದು ತಂದಿದ್ದಲ್ಲದೆ, ಮೊಮ್ಮಗ ಕೆಲವು ಅಕ್ಷರಗಳನ್ನು ನೋಟುಬುಕ್ಕಿನಲ್ಲಿ ನೋಡಿ ಬರೆದುಕೊಂಡು ಬಂದಿದ್ದ. "ಏನು ಬರದಾರ ಅಜ್ಜಾ?" ಸುಮಾರು ಕ್ರಿ.ಶ. 700ರ ಶಾಸನ, ಹತ್ತು ಸಾಲುಗಳಲ್ಲಿ ಐದು ಪದ್ಯ, ಕೊನೆಯ ಮೂರು ತ್ರಿಪದಿ ಎಂದು ದಂಡೆಯ ಮೇಲೆಯೇ ಪಾಠ ಆರಂಭವಾಯಿತು. ಒಳ್ಳೆಯವರೊಡನೆ ಒಳ್ಳೆಯವನಾಗಿಯೂ, ಕೇಡು ಬಗೆದವರಿಗೆ ಕಠಿಣನಾಗಿಯೂ ಇದ್ದವನ ವರ್ಣನೆ ಎಂದು ವಿವರಿಸಿದೆವು. ಹುಡುಗ ಸ್ವಲ್ಪ ಯೋಚಿಸಿ ಕೇಳಿದ: "ಹಂಗಾರ ಅವತ್ತು ನಾನು ಒಳ್ಳೇವನ ಇದ್ನೆಲ್ಲಾ ಅಜ್ಜಾ, ಯಾಕ ಬೈದ್ರಿ?"

ನಮ್ಮ ಬಳಿ ಉತ್ತರವಿರಲಿಲ್ಲ. "ತಪ್ಪಾತಪ್ಪಾ, ಬೆನ್ನು ನೋಯ್ತಿತ್ತು, ಹೇಳಾಕ ನಾಚಿಕಿ ಬಂತು" ಎಂದೆವು. ಅವನು ನೋಟುಬುಕ್ಕು ಮುಚ್ಚಿ, ಏಳಲು ಕೈ ಕೊಟ್ಟ.

ಮಕ್ಕಳ ಮನೆಗೆ ಹೊರಟ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಬುತ್ತಿ, ಚಾದರಗಳೊಡನೆ ನಿಮ್ಮ ನೋವನ್ನೂ ಬಿಚ್ಚಿ ತೋರಿಸಿರಿ. ಅದಕ್ಕೊಂದು ಕುರ್ಚಿ, ಒಂದು ದಿಂಬು ಆ ಮನೆಯಲ್ಲಿ ಸಿಕ್ಕೇ ಸಿಗುತ್ತದೆ. ನಾವಂತೂ ಈಗ ಮುಂಜಾನೆ ಸಂಜೆ ಅರ್ಧರ್ಧ ತಾಸು ನಡೆಯುತ್ತಿದ್ದೇವೆ. ಮುಂದಿನ ಚಳಿಗಾಲದಲ್ಲಿ ಆ ಬಂಡೆಯ ವರೆಗೆ ಕೈಹಿಡಿದು ಕರೆದೊಯ್ಯುವುದಾಗಿ ಮೊಮ್ಮಗ ಮಾತು ಕೊಟ್ಟಿದ್ದಾನೆ.